ನಮ್ಮ ಹೆಸರುಗಳು, ಅಡ್ಡಹೆಸರುಗಳು

ಪ್ರತಿಷ್ಠಾ ಮಹೋತ್ಸವದ ದೇಣಿಗೆದಾರರ ಯಾದಿಯನ್ನು ಓದುವ ಧರ್ಮಬಂಧುಗಳು ಮೊತ್ತವನ್ನಷ್ಟೇ ನೋಡದೆ, ಹೆಸರುಗಳನ್ನೂ ನಿಧಾನವಾಗಿ ಓದಬೇಕೆಂದು ನನ್ನ ವಿನಂತಿ. ಉತ್ತರ ಕರ್ನಾಟಕದ ಜೈನರ ಅಡ್ಡಹೆಸರುಗಳಲ್ಲಿ ನಮ್ಮ ಹಿರಿಯರ ಹುದ್ದೆ, ಕಸುಬು, ಊರುಗಳ ಚರಿತ್ರೆ ಅಡಗಿದೆ.

ಪಾಟೀಲ ಎಂಬುದು ಹಳೆಯ ಶಾಸನಗಳ ‘ಪಟ್ಟಕಿಲ’ ಶಬ್ದದಿಂದ ಬಂದುದು. ಊರಿನ ಮುಖ್ಯಸ್ಥನೆಂದು ಅರ್ಥ. ಅವನ ಸಹಾಯಕನೇ ಚೌಗುಲೆ. ಇವು ಹುದ್ದೆಯ ಹೆಸರುಗಳಾದುದರಿಂದಲೇ ಪಾಟೀಲರು ಲಿಂಗಾಯತರಲ್ಲಿಯೂ ಮರಾಠರಲ್ಲಿಯೂ ಮುಸಲ್ಮಾನರಲ್ಲಿಯೂ ಇದ್ದಾರೆ. ಸಂಸ್ಕೃತದ ‘ಶ್ರೇಷ್ಠಿ’ ಪ್ರಾಕೃತದಲ್ಲಿ ‘ಸೆಟ್ಠಿ’ಯಾಗಿ, ನಮ್ಮಲ್ಲಿ ಶೆಟ್ಟಿಯಾಯಿತು. ಬೋಗಾರರು ತಾಮ್ರ-ಹಿತ್ತಾಳೆ ಪಾತ್ರೆಗಳ ವ್ಯಾಪಾರಿಗಳು; ಕಾಸಾರವೆಂದರೆ ‘ಕಾಂಸ್ಯಕಾರ’. ಉಪಾಧ್ಯೆ ಎಂಬುದು ಬಸದಿಯ ಪೂಜಾವೃತ್ತಿಯ ಮನೆತನಗಳಿಗೆ ಸಂದ ಹೆಸರು. ಶಬ್ದಮೂಲವೊಂದೇ ಆದರೂ, ಣಮೋಕಾರ ಮಂತ್ರದಲ್ಲಿ ನಾವು ವಂದಿಸುವ ಉಪಾಧ್ಯಾಯರು ಮುನಿಗಳೆಂಬುದನ್ನು ಮರೆಯಲಾಗದು.

ಊರಿನ ಹೆಸರೇ ಅಡ್ಡಹೆಸರಾದುದು ಇನ್ನೊಂದು ಬಗೆ. ಅಣ್ಣಿಗೇರಿಯಲ್ಲಿಯೇ ಇರುವವನನ್ನು ‘ಅಣ್ಣಿಗೇರಿ’ಯೆಂದು ಯಾರೂ ಕರೆಯರು, ಅವನು ಹುಬ್ಬಳ್ಳಿಗೆ ಬಂದು ಅಂಗಡಿ ಹಾಕಿದ ಮೇಲೆಯೇ ಆ ಹೆಸರು ಅವನಿಗೆ ಅಂಟುತ್ತದೆ. ಹೀಗೆ ಊರಿನ ಅಡ್ಡಹೆಸರೆಂಬುದು ಹಿರಿಯರು ಊರು ಬಿಟ್ಟುದರ ದಾಖಲೆ. ನಮ್ಮ ಕಮರಿಪೇಟೆಯ ವ್ಯಾಪಾರಸ್ಥರಿಗೆ ಅಡ್ಡಹೆಸರಿನ ಬೆಲೆ ಬೇರೆ ಹೇಳಬೇಕಾಗಿಲ್ಲ. ಖತಾವಣಿಯಲ್ಲಿ ಮೂವರು ನೇಮಪ್ಪರಿದ್ದರೆ, ಒಬ್ಬರ ಉದ್ರಿ ಇನ್ನೊಬ್ಬರ ತಲೆಗೆ ಬೀಳದಂತೆ ಕಾಯುವುದು ಅದೇ!

ಇಡುವ ಹೆಸರುಗಳಲ್ಲಿ ತೀರ್ಥಂಕರರ ನಾಮಗಳೇ ಹೆಚ್ಚು. ಕನ್ನಡದ ನಾಲಗೆಯಲ್ಲಿ ನೇಮಿನಾಥ ನೇಮಪ್ಪನಾದ, ಪಾರ್ಶ್ವನಾಥ ಪಾರಿಸಪ್ಪನಾದ, ಬ್ರಹ್ಮದೇವ ಭರಮಪ್ಪನಾದ. 1906ರಲ್ಲಿ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಜನಿಸಿದ ಪ್ರಾಕೃತ ವಿದ್ವಾಂಸ ಡಾ. ಆ. ನೇ. ಉಪಾಧ್ಯೆಯವರ ಪೂರ್ಣ ನಾಮ ಆದಿನಾಥ ನೇಮಿನಾಥ ಉಪಾಧ್ಯೆ. ಮೊದಲನೆಯ ತೀರ್ಥಂಕರರು, 22ನೆಯ ತೀರ್ಥಂಕರರು, ಮನೆತನದ ವೃತ್ತಿ, ಮೂರೂ ಒಂದೇ ಸಾಲಿನಲ್ಲಿವೆ.

ಪ್ರಾಚೀನರ ಹೆಸರುಗಳು ಇನ್ನೂ ಸೊಗಸು. ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ, 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ. ಇಲ್ಲಿಯ ‘ಅಬ್ಬೆ’ ಎಂದರೆ ತಾಯಿ. ಇಂದಿನ ಪದ್ಮವ್ವ, ಚಂದ್ರವ್ವರ ‘ಅವ್ವ’ನ ಸ್ಥಾನವೇ ಅದಕ್ಕೆ. ಮುಧೋಳದ ಬಳೆಗಾರ ಮನೆತನದ ರನ್ನನು ತನಗೆ ಆಶ್ರಯವಿತ್ತ ಚಾವುಂಡರಾಯನ ನೆನಪಿಗೆ ಮಗನಿಗೆ ‘ರಾಯ’ನೆಂದೂ, ಮಗಳಿಗೆ ‘ಅತ್ತಿಮಬ್ಬೆ’ಯೆಂದೂ ಹೆಸರಿಟ್ಟನು. ಉಪಕಾರಸ್ಮರಣೆಗೆ ಇದಕ್ಕಿಂತ ಮಿಗಿಲಾದ ದಾರಿ ನನಗೆ ಕಾಣದು. ಆ ಚಾವುಂಡರಾಯನಿಗೆ ‘ಗೊಮ್ಮಟ’ನೆಂಬ ಹೆಸರೂ ಇದ್ದಿತು. ನೇಮಿಚಂದ್ರಾಚಾರ್ಯರ ‘ಗೊಮ್ಮಟಸಾರ’ಕ್ಕೆ ಆ ಹೆಸರು ಬಂದುದು ಅವನಿಂದಲೇ. ಶ್ರವಣಬೆಳಗೊಳದಲ್ಲಿ ಅವನು ಸುಮಾರು 981ರಲ್ಲಿ ಪ್ರತಿಷ್ಠಾಪಿಸಿದ ಬಾಹುಬಲಿಸ್ವಾಮಿಯೂ ಗೊಮ್ಮಟನ ಈಶ್ವರನಾಗಿ ‘ಗೊಮ್ಮಟೇಶ್ವರ’ನೆನಿಸಿದನೆಂದು ಉಪಾಧ್ಯೆಯವರು ಪ್ರತಿಪಾದಿಸಿದರು. ದೇವರ ಹೆಸರು ಭಕ್ತನಿಗೆ ಬರುವುದು ಲೋಕರೂಢಿ. ಇಲ್ಲಿ ಭಕ್ತನ ಹೆಸರೇ ದೇವರಿಗೆ ಸಂದಿದೆ.

ಈಚೆಗೆ ಕೆಲವರು ಮಕ್ಕಳನ್ನು ಶಾಲೆಗೆ ಸೇರಿಸುವಾಗ ಅಡ್ಡಹೆಸರನ್ನು ಬಿಟ್ಟು ‘ಜೈನ್’ ಎಂದಷ್ಟೇ ಬರೆಸುತ್ತಾರೆ. ಅವರ ಧರ್ಮಾಭಿಮಾನ ಮೆಚ್ಚತಕ್ಕದ್ದೇ. ಆದರೆ ಬೋಗಾರರ ಮೊಮ್ಮಗನಿಗೆ ಅಜ್ಜನ ಕಸುಬು, ಅಣ್ಣಿಗೇರಿಯವರ ಮೊಮ್ಮಗಳಿಗೆ ಹಿರಿಯರ ಊರು ಮುಂದೆ ತಿಳಿಯುವುದೆಂತು? ಬಸದಿಯ ಪುಸ್ತಕದಲ್ಲಿ ಹೆಸರು ಬರೆಸುವಾಗಲಾದರೂ ಅಡ್ಡಹೆಸರನ್ನೂ ಮೂಲ ಊರನ್ನೂ ಬರೆಸಿರಿ. ಊರು ತಿಳಿಯದಿದ್ದರೆ, ಮನೆಯಲ್ಲಿ ಅಜ್ಜಿಯಿರುವಾಗಲೇ ಕೇಳಿ ಬರೆದಿಡಿರಿ.