ಗುಲಗಂಜಿಯ ಲೆಕ್ಕ

ಅಕ್ಕಸಾಲಿಗರು ಹಿಂದೆ ಬಂಗಾರ ತೂಗುತ್ತಿದ್ದುದು ಗುಲಗಂಜಿಯಿಂದ. ಬೇಲಿಯ ಬಳ್ಳಿಯಲ್ಲಿ ಬಿಟ್ಟಿ ಸಿಗುವ ಕೆಂಪು-ಕಪ್ಪು ಬೀಜ. ತಕ್ಕಡಿಯ ಒಂದು ತಟ್ಟೆಯ ಬಂಗಾರ ಉಳ್ಳವರ ಮನೆಗೆ ಹೋಯಿತು. ಇನ್ನೊಂದು ತಟ್ಟೆಯ ಬೀಜ ಇಲ್ಲದವರ ಕೊರಳಿಗೆ ಬಂತು. ಒಡವೆಯ ಚರಿತ್ರೆ ಬರೆದವರು ಮೊದಲನೆ ತಟ್ಟೆಯನ್ನಷ್ಟೇ ನೋಡಿದರು. ಬೇಲೂರಿನ ಮದನಿಕೆಯರ ಮೈಮೇಲಿನ ಒಡವೆಗಳನ್ನು ಎಣಿಸಿದವರುಂಟು. ಅದೇ ಹಾಸನ ಜಿಲ್ಲೆಯ ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಸೊಂಟ ಮುರಿದು ದುಡಿದ ಅವ್ವಂದಿರು ಕಿವಿಗೆ ಏನು ಹಾಕಿಕೊಂಡಿದ್ದರು ಅಂತ ಕೇಳಿದವರೆಷ್ಟು ಜನ?

ಸಕಲೇಶಪುರದ ಸೀಮೆಗೆ ಹಿಂದಿದ್ದ ಹೆಸರು ಮಂಜರಾಬಾದ್. ಮಲೆನಾಡಿನ ಹೊಲೆಯರಲ್ಲಿ ಎರಡು ಬಗೆಯ ಆಳುಗಳಿದ್ದರೆಂದು ಬ್ರಿಟಿಷರ ಕಾಲದ ಮೈಸೂರು ಗ್ಯಾಸೆಟಿಯರ್ ಬರೆದಿಟ್ಟಿದೆ. ಧಣಿಯ ಮನೆಯಲ್ಲೇ ಹುಟ್ಟಿದವನು ಹುಟ್ಟಾಳು. ಜಮೀನಿನ ಜೊತೆಗೇ ಮಾರಾಟವಾಗುವವನು ಮಣ್ಣಾಳು. 1843ರಲ್ಲಿ ಕಂಪನಿ ಸರ್ಕಾರ ತನ್ನ ಸೀಮೆಯಲ್ಲಿ ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತು. ಅದೇ ವರ್ಷ ದಕ್ಷಿಣ ಮಂಜರಾಬಾದಿನಲ್ಲಿ ಗ್ರೀನ್ ಎಂಬ ಬಿಳಿಯ ಕಾಫಿ ತೋಟ ಹಾಕಿದ. ದೇಶಕ್ಕೆಲ್ಲ ಅನ್ವಯಿಸುವ ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಮೈಯೇ ತನ್ನದಲ್ಲದವಳಿಗೆ ಮೈಮೇಲಿನ ಒಡವೆ ಎಲ್ಲಿಂದ ಬರಬೇಕು?

ಇದೇ ಮಂಜರಾಬಾದಿನ ಪ್ಲಾಂಟರ್ ಆರ್. ಎಚ್. ಎಲಿಯಟ್ 1894ರಲ್ಲಿ ಮೈಸೂರು ಸೀಮೆಯ ಬಗ್ಗೆ ಒಂದು ಪುಸ್ತಕ ತಂದ. ಅದರ ಹೆಸರಲ್ಲೇ ಬಂಗಾರ, ಶಿಕಾರಿ, ಕಾಫಿ ಮೂರೂ ಇವೆ. ಕಾಫಿ ಈ ಗುಡ್ಡಗಳದ್ದು, ಬಂಗಾರ ಕೋಲಾರದ್ದು. ಕೋಲಾರದ ಗಣಿಯ ಆಳಕ್ಕಿಳಿದು ಬಂಗಾರ ಅಗೆದವರಲ್ಲಿ ಬಹುಪಾಲು ದಲಿತರೇ. 2001ರಲ್ಲಿ ಗಣಿ ಮುಚ್ಚಿತು. ಅವರ ಮನೆ ಬಾಗಿಲಲ್ಲಿ ಉಳಿದದ್ದು ಸೈನೈಡ್ ಗುಡ್ಡ.

ಹಾಗಂತ ಬಡವರ ಮನೆಯ ಹೆಂಗಸರು ಬರಿಗೊರಳಲ್ಲಿ ಕೂರಲಿಲ್ಲ. ಗುಲಗಂಜಿ ಗಟ್ಟಿ ಬೀಜ, ಒಳಗೆ ವಿಷ. ನೆನೆಸಿ, ಹುಷಾರಾಗಿ ಸೂಜಿ ಚುಚ್ಚಿ ಪೋಣಿಸಬೇಕು. ಚುಚ್ಚಿಸಿಕೊಂಡ ಕಿವಿ ಮೂಗು ಮುಚ್ಚಿಹೋಗದಂತೆ ಪೊರಕೆ ಕಡ್ಡಿ ಸಿಕ್ಕಿಸಿಕೊಂಡರು. ಹರಿದ ಸರದ ಮಣಿ ಆಯ್ದು ಹೊಸ ಸರ ಮಾಡಿದರು. ಚಲಾವಣೆ ತಪ್ಪಿದ ಕಾಸಿಗೆ ಕೊಂಡಿ ಹಾಕಿಸಿದರು. ಸುರುಳಿ ಸುತ್ತಿದ ತಾಳೆಗರಿಯೇ ಕಿವಿಯ ಓಲೆ. ಬಂಗಾರದಲ್ಲಿ ಮಾಡಿದರೂ ಅದನ್ನು ಓಲೆ ಅಂತಲೇ ಕರೆಯುತ್ತೇವೆ. ಬಂಗಾರ ಗರಿಯಿಂದ ಹೆಸರು ಸಾಲ ತಗೊಂಡಿದೆ, ತೀರಿಸಿಲ್ಲ.

ಆದರೆ ಇದನ್ನು ಬರೀ ಹೊಗಳಿ ಹಾಡಬಾರದು. ಬಂಗಾರ ಇಲ್ಲದ್ದಕ್ಕೆ ಬಡತನ ಒಂದೇ ಕಾರಣವಲ್ಲ. ಇಂದೂರು ಜಿಲ್ಲೆಯ ಮೇಲ್ಜಾತಿಯವರು ಬಲಾಯಿ ಹೆಂಗಸರು ಚಿನ್ನ ಬೆಳ್ಳಿ ಹಾಕಕೂಡದೆಂದು ಕಟ್ಟಳೆ ಮಾಡಿದ ಸುದ್ದಿ 1928ರ ಜನವರಿಯಲ್ಲಿ ಪತ್ರಿಕೆಗೆ ಬಂತು. ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ'ದಲ್ಲಿ ಅದನ್ನು ಲೋಕದ ಮುಂದಿಟ್ಟರು. ತಿರುವಾಂಕೂರಿನಲ್ಲಿ ಪುಲಯ ಹೆಂಗಸರಿಗೆ ಕಲ್ಲುಮಣಿ ಸರವೇ ಜಾತಿಯ ಗುರುತು. 1915ರಲ್ಲಿ ಅಯ್ಯಂಕಾಳಿಯವರ ಮುಂದಾಳುತನದಲ್ಲಿ ಆ ಹೆಂಗಸರು ಕೊಲ್ಲಂನಲ್ಲಿ ಅದನ್ನು ಕಿತ್ತೆಸೆದರು. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಹೆಂಗಸರಿಗೆ ಹೇಳಿದ್ದೂ ಇದನ್ನೇ: ಕೊರಳ ತುಂಬ ಸರ, ಮೊಣಕೈವರೆಗೆ ಬಳೆ ನಿಮ್ಮನ್ನು ಅಸ್ಪೃಶ್ಯರೆಂದು ತೋರಿಸುವ ಗುರುತು, ಹಾಕುವುದಾದರೆ ಚಿನ್ನ ಹಾಕಿ, ಇಲ್ಲವಾದರೆ ಬಿಡಿ.

ಹಾಗಾದರೆ ಮಣಿಸರ ಒಡವೆಯೋ ಬೇಡಿಯೋ? ತಾನಾಗಿ ಇಷ್ಟಪಟ್ಟು ಪೋಣಿಸಿಕೊಂಡರೆ ಒಡವೆ. ನೀನು ಇದನ್ನೇ ಹಾಕಬೇಕು ಅಂತ ಊರು ಹೇಳಿದರೆ ಬೇಡಿ.

1980ರಲ್ಲಿ ಸ್ವಿಟ್ಜರ್ಲೆಂಡಿನ ಕಲಾವಿದ ಒಟ್ಟೊ ಕುನ್ಜ್ಲಿ ಚಿನ್ನದ ಗುಂಡೊಂದನ್ನು ಕಪ್ಪು ರಬ್ಬರ್ ಬಳೆಯೊಳಗೆ ಹುದುಗಿಸಿ, ಚಿನ್ನ ಕಣ್ಣು ಕುರುಡು ಮಾಡುತ್ತದೆ ಎಂದು ಅದಕ್ಕೆ ಹೆಸರಿಟ್ಟ. ಯುರೋಪು ಅದನ್ನು ಕಲೆ ಅಂತ ಒಪ್ಪಿತು. ಈಗ ನಮ್ಮ ನಗರಗಳಲ್ಲೂ ಬೀಜ, ತಗಡು, ಚಿಂದಿಬಟ್ಟೆಯ ಒಡವೆಗೆ ಒಳ್ಳೆ ಬೆಲೆ ಇದೆ. ಸಂತೋಷ. ಆದರೆ ಕೈಲಿದ್ದ ಚಿನ್ನವನ್ನು ಮುಚ್ಚಿಡುವುದು ಬೇರೆ, ಚಿನ್ನ ಮುಟ್ಟಗೊಡದ ಊರಲ್ಲಿ ಬೇಲಿಬೀಜದಲ್ಲಿ ಚೆಂದ ಕಂಡುಕೊಳ್ಳುವುದು ಬೇರೆ. ಆ ಎರಡನೆ ಕೆಲಸ ಮಾಡಿದ ಕೈಗಳಿಗೂ ಕಲಾವಿದರ ಹೆಸರು ಸಲ್ಲಬೇಕು.

ಹಳ್ಳಿಯ ಮೇಷ್ಟರೇ, ವಿದ್ಯಾರ್ಥಿ ಗೆಳೆಯರೇ, ದಾರ ಹರಿದರೆ ಬೀಜ ಮಣ್ಣಿಗೆ ಸೇರುತ್ತದೆ, ವಸ್ತುಸಂಗ್ರಹಾಲಯಕ್ಕೆ ಬರುವುದಿಲ್ಲ. ತೋಟದ ಲೈನ್‌ಮನೆಗಳಲ್ಲಿ, ಕೇರಿಗಳಲ್ಲಿ ವಯಸ್ಸಾದ ಅವ್ವಂದಿರು ಇನ್ನೂ ಇದ್ದಾರೆ. ಕೊರಳಿಗೆ ಏನಿತ್ತು, ಯಾರು ಮಾಡಿಕೊಟ್ಟರು, ಯಾವುದನ್ನು ಹಾಕಬೇಡ ಅಂದರು, ಅಂದವರು ಯಾರು — ಈ ನಾಲ್ಕು ಪ್ರಶ್ನೆ ಕೇಳಿ. ಅವರ ಮಾತನ್ನು ತಿದ್ದದೆ ಬರಕೊಳ್ಳಿ.