ಠಾಕೂರನ ಬಾವಿ: ಹಣೆಬರಹ ಬರೆದವರಾರು?

ಪ್ರೇಮಚಂದರು 1932ರಲ್ಲಿ ಬರೆದ ‘ಠಾಕೂರನ ಬಾವಿ’ ಕೆಲವೇ ಪುಟಗಳ ಹಿಂದಿ ಕತೆ. ಗಂಗಿಯ ಗಂಡ ಜೋಖು ಕಾಯಿಲೆ ಬಿದ್ದಿದ್ದಾನೆ. ಕೇರಿಯವರ ಬಾವಿಯಲ್ಲಿ ಯಾವುದೋ ಪ್ರಾಣಿ ಬಿದ್ದು ಸತ್ತು ನೀರು ನಾರುತ್ತಿದೆ. ಗಂಗಿ ರಾತ್ರಿ ಕದ್ದು ಠಾಕೂರನ ಬಾವಿಗೆ ಹೋಗುತ್ತಾಳೆ. ಕೊಡ ಇನ್ನೇನು ಕೈಗೆ ಸಿಗಬೇಕು, ಠಾಕೂರನ ಬಾಗಿಲು ತೆರೆಯುತ್ತದೆ. ಹಗ್ಗ ಕೈಜಾರುತ್ತದೆ. ಓಡಿಬಂದು ನೋಡಿದರೆ ಜೋಖು ಅದೇ ಕೊಳೆನೀರು ಕುಡಿಯುತ್ತಿದ್ದಾನೆ.

‘ವಿಧಿಯಾಟ’ ಅಂತ ಹೇಳಿ ಪುಟ ತಿರುವುವುದು ಸುಲಭ. ಆ ವಿಧಿಯನ್ನು ಬರೆದವರು ಯಾರು ಅಂತ ನಾವು ಕೇಳಬೇಕು. ಉತ್ತರ ಕತೆಯೊಳಗೇ ಇದೆ. ಕತ್ತಲಲ್ಲಿ ಕೂತ ಗಂಗಿ ಲೆಕ್ಕ ಹಾಕುತ್ತಾಳೆ: ಠಾಕೂರ ಕುರಿ ಕದ್ದವನು, ಪಂಡಿತನ ಮನೆಯಲ್ಲಿ ವರ್ಷವಿಡೀ ಜೂಜು, ಸಾಹುಕಾರ ತುಪ್ಪಕ್ಕೆ ಎಣ್ಣೆ ಬೆರೆಸುವವನು. ದುಡಿಸಿಕೊಂಡು ಕೂಲಿ ಕೊಡದ ಇವರು ಹೆಂಗೆ ಮೇಲು? ಹಣೆಬರಹ ನಂಬಿ ಕೂತವಳು ಕೇಳುವ ಪ್ರಶ್ನೆಯೇ ಇದು?

ಕತೆಯ ಕುತೂಹಲವೂ ಬರೀ ಚಮತ್ಕಾರವಲ್ಲ. ಒಂದು ಕೊಡ ನೀರಿಗೆ ಉಸಿರು ಬಿಗಿಹಿಡಿದು ಕಾಯುವುದು ನಮ್ಮ ಕೇರಿಗಳ ನಿತ್ಯದ ಪಾಡಾಗಿತ್ತು. ನೀರಿಗೆ ಬಂದ ಇಬ್ಬರು ಮೇಲ್ಜಾತಿ ಹೆಂಗಸರು ಗಂಡಂದಿರ ದರ್ಪಕ್ಕೆ ಗೊಣಗುತ್ತಾರೆ. ಅವರೂ ಮನೆಯಾಳುಗಳೇ. ಆದರೆ ಹಗ್ಗ ಇಳಿಸಲು ಅವರಿಗೆ ಭಯವಿಲ್ಲ. ಬಾವಿ ಸಂಕೇತ ಹೌದು, ಅದಕ್ಕೂ ಮೊದಲು ಅದು ಕುಡಿಯುವ ನೀರು.

ಈಗ ಚರಿತ್ರೆಯನ್ನು ಪಕ್ಕದಲ್ಲಿಟ್ಟು ನೋಡೋಣ. ಸಾರ್ವಜನಿಕ ಕೆರೆಬಾವಿಗಳು ಅಸ್ಪೃಶ್ಯರಿಗೂ ಸೇರಿದ್ದು ಅಂತ ಮುಂಬಯಿ ಶಾಸನಸಭೆ 1923ರಲ್ಲೇ ಎಸ್.ಕೆ. ಬೋಲೆಯವರ ನಿರ್ಣಯವನ್ನು ಒಪ್ಪಿತ್ತು. ಅದು ಕಾಗದದಲ್ಲೇ ಉಳಿಯಿತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಡನೆ ನಡೆದುಹೋಗಿ ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ಸವರ್ಣೀಯರು ದೊಣ್ಣೆ ಹಿಡಿದು ಬಂದರು. ಆಮೇಲೆ ಸಗಣಿ ಗಂಜಲ ಸುರಿದು ಕೆರೆಯನ್ನು ‘ಶುದ್ಧಿ’ ಮಾಡಿದರು! ಹೈಕೋರ್ಟಿನ ತೀರ್ಪು ನಮ್ಮವರ ಪರ ಬಂದದ್ದು 1937ರಲ್ಲಿ, ಹತ್ತು ವರ್ಷ ಕಾದ ಮೇಲೆ.

ಗಂಗಿ ಹೋದದ್ದು ಒಬ್ಬಳೇ, ಕತ್ತಲಲ್ಲಿ. ಮಹಾಡದವರು ಹೋದದ್ದು ಒಟ್ಟಾಗಿ, ಹಾಡಹಗಲಲ್ಲಿ. ಅವಳ ಪ್ರಶ್ನೆಗೆ ಸಂಘಟನೆಯ ಬಲ ಇರಲಿಲ್ಲ. ಅಲ್ಲಿ ಪ್ರಶ್ನೆಯೇ ಮೆರವಣಿಗೆಯಾಯಿತು. 1950ರ ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ ಎಂಬ ಮಾತುಗಳು ಬಂದು ಕೂತದ್ದರ ಹಿಂದೆ ಇಂಥ ಹೋರಾಟಗಳಿವೆ. ವಿಧಿ ಅಂದರೆ ಹಣೆಬರಹವೂ ಹೌದು, ಕಾನೂನೂ ಹೌದು. ಎರಡನ್ನೂ ಬರೆದದ್ದು ಮನುಷ್ಯರೇ.

ಮೇಷ್ಟ್ರುಗಳೇ, ಈ ಕತೆ ಪಾಠ ಮಾಡುವಾಗ ಮಕ್ಕಳಿಗೆ ಒಂದೇ ಪ್ರಶ್ನೆ ಹಾಕಿ: ನಿಮ್ಮೂರ ನೀರಿನ ಮೇಲೆ ಯಜಮಾನಿಕೆ ಯಾರದು?