ಲೋವರಿಂಗ್ ಸ್ಪ್ರಿಂಗ್

ಲೋವರಿಂಗ್ ಸ್ಪ್ರಿಂಗ್ ಎಂಬುದು ಕಾರಿನ ಸಸ್ಪೆನ್ಷನ್‌ನಲ್ಲಿ ಮೂಲ ಸುರುಳಿ ಸ್ಪ್ರಿಂಗಿಗೆ ಬದಲಾಗಿ ಅಳವಡಿಸುವ, ಅದಕ್ಕಿಂತ ಗಿಡ್ಡವಾದ ಹಾಗೂ ಹೆಚ್ಚು ಬಿಗಿಯಾದ ಸ್ಪ್ರಿಂಗ್. ಇದರಿಂದ ಕಾರು ಸಾಮಾನ್ಯವಾಗಿ 20ರಿಂದ 50 ಮಿ.ಮೀ.ನಷ್ಟು ನೆಲಕ್ಕೆ ಹತ್ತಿರವಾಗುತ್ತದೆ. ಗುರುತ್ವ ಕೇಂದ್ರ ತಗ್ಗುವುದರಿಂದ ತಿರುವುಗಳಲ್ಲಿ ವಾಹನದ ಓಲಾಟ ಕಡಿಮೆಯಾಗುತ್ತದೆ. ಆದರೂ ಬಹುಮಂದಿ ಇದನ್ನು ಹಾಕಿಸುವುದು ನೋಟದ ಸೊಗಸಿಗಾಗಿಯೇ.

ರಚನೆ

ಕಾರು ತಗ್ಗಿದಾಗ ಚಕ್ರ ಮೇಲೇರಲು ಉಳಿಯುವ ಅಂತರವೂ ಕುಗ್ಗುತ್ತದೆ. ಅಷ್ಟರಲ್ಲಿಯೇ ಆಘಾತವನ್ನು ತಡೆಯಬೇಕಾದ್ದರಿಂದ ಸ್ಪ್ರಿಂಗ್ ಬಿಗಿಯಾಗಿರಬೇಕು. ಈ ಬಿಗಿತವು ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ನೇರ ಅನುಪಾತದಲ್ಲಿಯೂ ಸುತ್ತುಗಳ ಸಂಖ್ಯೆಗೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ತಂತಿಯ ದಪ್ಪ 12 ಮಿ.ಮೀ.ನಿಂದ 13 ಮಿ.ಮೀ.ಗೆ ಏರಿದರೆ, ಉಳಿದ ಅಳತೆಗಳು ಬದಲಾಗದಿದ್ದರೂ, ಬಿಗಿತ ಸುಮಾರು ಶೇ. 38ರಷ್ಟು ಹೆಚ್ಚುತ್ತದೆ. ಮೂಲ ಸ್ಪ್ರಿಂಗಿನ ಒಂದೆರಡು ಸುತ್ತುಗಳನ್ನು ಕತ್ತರಿಸಿ ಕಾರನ್ನು ತಗ್ಗಿಸುವ ರೂಢಿಯೂ ಉಂಟು. ಇದು ಅಗ್ಗವಾದರೂ ಅಪಾಯಕರ. ಕತ್ತರಿಸಿದ ತುದಿ ಪೀಠದಲ್ಲಿ ಸರಿಯಾಗಿ ಕೂರದೆ, ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗ್ ಸ್ಥಾನ ತಪ್ಪಬಹುದು.

ಅಳವಡಿಕೆ

ಮುಂಚಕ್ರಗಳಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರುಗಳೇ ಹೆಚ್ಚು. ಕಾರನ್ನು ಜಾಕ್‌ನಿಂದ ಎತ್ತಿ, ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಚಕ್ರ ಕಳಚಿ, ಸ್ಟ್ರಟ್ಟನ್ನು ಇಡಿಯಾಗಿ ಹೊರತೆಗೆಯಲಾಗುತ್ತದೆ. ಹೊರಬಂದ ಮೇಲೂ ಸ್ಪ್ರಿಂಗ್ ಅದುಮಿದ ಸ್ಥಿತಿಯಲ್ಲಿಯೇ ಇರುತ್ತದೆ. ಅದನ್ನು ಹಿಡಿದಿರುವುದು ಮೇಲ್ತುದಿಯ ಒಂದೇ ನಟ್. ಸ್ಪ್ರಿಂಗ್ ಕಂಪ್ರೆಸರ್ ಎಂಬ ಉಪಕರಣದಿಂದ ಸುರುಳಿಯನ್ನು ಎರಡೂ ಬದಿಗಳಲ್ಲಿ ಸಮನಾಗಿ ಅದುಮಿ, ಪೀಠದ ಮೇಲಿನ ಒತ್ತಡ ಪೂರ್ತಿ ಇಳಿದ ಬಳಿಕವೇ ಆ ನಟ್ಟನ್ನು ಬಿಚ್ಚಬೇಕು. ಅವಸರದಿಂದ ಮೊದಲೇ ಬಿಚ್ಚಿದರೆ ಸ್ಪ್ರಿಂಗ್ ಚಿಮ್ಮಿ ಪ್ರಾಣಕ್ಕೆ ಸಂಚಕಾರ ತರಬಲ್ಲದು. ಎಲ್ಲ ಮೆಕ್ಯಾನಿಕ್‌ಗಳೂ ಈ ಎಚ್ಚರಿಕೆಯನ್ನು ಪಾಲಿಸುತ್ತಾರೆಂದು ಹೇಳಲಾಗದು.

ಹೊಸ ಸ್ಪ್ರಿಂಗ್ ಕೂರಿಸಿದ ನಂತರ, ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಕಾರಿನ ಭಾರ ಚಕ್ರಗಳ ಮೇಲೆ ಬಂದಾಗಲೇ ಪೂರ್ಣ ಬಿಗಿಯಬೇಕು. ಚಕ್ರಗಳು ಜೋತಾಡುತ್ತಿರುವಾಗ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ವ್ಹೀಲ್ ಅಲೈನ್‌ಮೆಂಟ್ ಮಾಡಿಸದೆ ಓಡಿಸಿದಲ್ಲಿ ಟೈರಿನ ಒಳ ಅಂಚು ಸವೆಯುವುದು ಸಾಮಾನ್ಯ. ಮೂಲ ಶಾಕ್ ಅಬ್ಸಾರ್ಬರ್‌ಗಳೂ ಹೆಚ್ಚು ಬಿಗಿಯಾದ ಸ್ಪ್ರಿಂಗನ್ನು ಹತೋಟಿಯಲ್ಲಿಡಲಾರದೆ ಬೇಗ ಸೋಲಬಹುದು.

ಕಾನೂನು ಮತ್ತು ರಸ್ತೆ

ಜರ್ಮನಿಯಲ್ಲಿ ಇಂತಹ ಬದಲಾವಣೆಯನ್ನು ಸಾಮಾನ್ಯವಾಗಿ ಅಧಿಕೃತ ಪರೀಕ್ಷಕರಿಂದ ತಪಾಸಣೆ ಮಾಡಿಸಬೇಕು. ಭಾರತದಲ್ಲಿ ಮೋಟಾರು ವಾಹನ ಅಧಿನಿಯಮ, 1988ರ 52ನೆಯ ಪ್ರಕರಣವು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತಹ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾನದಂಡದಂತೆ ರಸ್ತೆಯುಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕಿತ್ತು. ಊರೊಳಗಿನ ಅನೇಕ ಉಬ್ಬುಗಳು ಇದಕ್ಕಿಂತ ಕಡಿದಾಗಿದ್ದು, ತಗ್ಗಿಸಿದ ಕಾರಿನ ಅಡಿಭಾಗ ಮೊದಲು ತಾಗುವುದು ಅಲ್ಲಿಯೇ.